ಓಟಿನ ಜೊತೆ ಒಂದು ರೂಪಾಯಿ ಕೇಳಿದ ಶಾಂತವೇರಿ ಗೋಪಾಲಗೌಡರು

ನಮ್ಮ ಸಾದಲಿಯ ಸರ್ಕಾರಿ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನವನ್ನು ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ಹೇಳಿದಾಗ ಸಂತೋಷವೂ ಆಯಿತು, ಅಳುಕೂ ಆಯಿತು. ನಮ್ಮ ಜಿಲ್ಲೆಯ ಮಹನೀಯರೆಂದರೆ ಮೊದಲು ನೆನಪಾಗುವವರು ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು. ನಾನು ಎಂಜಿನಿಯರಿಂಗ್ ಓದಿದವನಾದ್ದರಿಂದ ಅವರ ಬಗ್ಗೆಯೇ ಬರೆಯುತ್ತೇನೆಂದು ಎಲ್ಲರೂ ತಿಳಿದಿದ್ದರು. ಆದರೆ ನಾನು ಆರಿಸಿಕೊಂಡದ್ದು ನಮ್ಮ ಸೀಮೆಯವರಲ್ಲದ, ಮಲೆನಾಡಿನ ಶಾಂತವೇರಿ ಗೋಪಾಲಗೌಡರನ್ನು. ಅದಕ್ಕೊಂದು ಕಾರಣವಿದೆ. ಆ ಕಾರಣ ಹೇಳಲು ನನ್ನದೇ ಒಂದು ತಪ್ಪನ್ನು ಮೊದಲು ಒಪ್ಪಿಕೊಳ್ಳಬೇಕು.

ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ವಿಧಾನಸಭಾ ಚುನಾವಣೆ ಬಂತು. ಓಟು ಊರಿನಲ್ಲಿಯೇ ಇತ್ತು. ಊರಿಗೆ ಹೋಗುವವರಿಗೆ ಬಸ್ಸಿನ ವ್ಯವಸ್ಥೆ ಆಗಿದೆ, ಇಂಥ ಕಡೆ ಬಂದು ಹತ್ತಿಕೊಳ್ಳಿ ಎಂದು ಫೋನ್ ಬಂತು. ಹತ್ತಿದೆ. ದಾರಿಯಲ್ಲಿ ತಿಂಡಿಯನ್ನೂ ಕೊಟ್ಟರು. ಮನೆಗೆ ಬಂದಾಗ ಅಪ್ಪ ಬಸ್ ಚಾರ್ಜು ಎಷ್ಟಾಯಿತು ಎಂದು ಕೇಳಿದರು. ಏನೂ ಇಲ್ಲ, ಎಲ್ಲ ಅವರೇ ನೋಡಿಕೊಂಡರು ಎಂದೆ. ಅವರು ಎಂದರೆ ಯಾರು, ದುಡ್ಡು ಯಾರದು ಎಂದು ಅಪ್ಪ ಮತ್ತೆ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮಪ್ಪ ರೇಷ್ಮೆ ಬೆಳೆಯುವವರು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ತೂಕದ ಯಂತ್ರದ ಅಂಕಿಯನ್ನು ಕಣ್ಣಾರೆ ನೋಡದೆ ಚೀಟಿ ತೆಗೆದುಕೊಳ್ಳುವವರಲ್ಲ. ಇಪ್ಪತ್ತೈದು ದಿನ ನಿದ್ದೆಗೆಟ್ಟು ಬೆಳೆದ ಗೂಡಿಗೆ ಅಷ್ಟು ಲೆಕ್ಕ ಕೇಳುವ ಮನೆಯ ಮಗ ಐದು ವರ್ಷದ ಆಡಳಿತವನ್ನು ನಿರ್ಧರಿಸುವ ಓಟಿಗೆ ಲೆಕ್ಕವನ್ನೇ ಕೇಳಿರಲಿಲ್ಲ. ಮತದಾರರನ್ನು ಮತಗಟ್ಟೆಗೆ ಪುಕ್ಕಟೆ ವಾಹನದಲ್ಲಿ ಕರೆತರುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಭ್ರಷ್ಟ ಆಚರಣೆ ಎಂಬುದು ನನಗೆ ತಿಳಿದದ್ದು ಆಮೇಲೆ. ಆ ವಿಷಯ ಓದುತ್ತಾ ಹೋದಾಗ ಸಿಕ್ಕವರು ಗೋಪಾಲಗೌಡರು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು ಕಾಗೋಡು ಸತ್ಯಾಗ್ರಹ ಹೇಳುವಾಗ ಅವರ ಹೆಸರನ್ನು ಒಮ್ಮೆ ಹೇಳಿದ್ದರು. ಪರೀಕ್ಷೆಗೆ ಬರುವ ಹೆಸರಲ್ಲ ಎಂದು ನಾನು ಮರೆತಿದ್ದೆ.

ಹುಟ್ಟು ಮತ್ತು ವಿದ್ಯಾರ್ಥಿ ದೆಸೆ

ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು, ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. ಮಲೆನಾಡೆಂದರೆ ನಮ್ಮ ಕಡೆಯವರಿಗೆ ಮಳೆ, ಅಡಿಕೆ ತೋಟ, ತುಂಬಿದ ಹೊಳೆ ಎಂಬ ಚಿತ್ರ ಕಣ್ಣಿಗೆ ಬರುತ್ತದೆ. ಕೆರೆ ತುಂಬಿದರೆ ಹಬ್ಬ ಮಾಡುವ ನಮಗೆ ಅಲ್ಲಿಯವರೆಲ್ಲ ಸುಖವಾಗಿದ್ದಾರೆ ಎನ್ನಿಸುವುದು ಸಹಜ. ಆದರೆ ಆ ಕಾಲದಲ್ಲಿ ಅಲ್ಲಿ ನೆಲ ಕೆಲವರ ಕೈಯಲ್ಲಿತ್ತು. ಉಳುವವರು ಬಹುಪಾಲು ಗೇಣಿದಾರರು. ಬೆಳೆದ ಭತ್ತದಲ್ಲಿ ದೊಡ್ಡ ಪಾಲು ಒಡೆಯರ ಕಣಜಕ್ಕೆ ಹೋಗುತ್ತಿತ್ತು. ಗೋಪಾಲಗೌಡರದು ಬಡ ಕುಟುಂಬ. ಓದು ಕಷ್ಟದಲ್ಲಿಯೇ ಸಾಗಿತು.

1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಶುರುವಾದಾಗ ಅವರಿಗೆ ಹತ್ತೊಂಬತ್ತು ವರ್ಷ. ಚಳವಳಿಗೆ ಧುಮುಕಿ ಜೈಲು ಕಂಡರು. ಆ ಪೀಳಿಗೆಯ ಅನೇಕ ಯುವಕರಂತೆ ಅವರನ್ನೂ ಸೆಳೆದದ್ದು ಜಯಪ್ರಕಾಶ ನಾರಾಯಣ ಮತ್ತು ರಾಮಮನೋಹರ ಲೋಹಿಯಾ ಅವರ ಸಮಾಜವಾದಿ ವಿಚಾರ. 1948ರಲ್ಲಿ ಸಮಾಜವಾದಿಗಳು ಕಾಂಗ್ರೆಸ್ಸಿನಿಂದ ಹೊರಬಂದು ಬೇರೆ ಪಕ್ಷ ಕಟ್ಟಿದರು. ಸ್ವಾತಂತ್ರ್ಯ ತಂದ ಪಕ್ಷದಲ್ಲಿ ಇದ್ದುಕೊಂಡರೆ ಅಧಿಕಾರ ಸುಲಭವಾಗಿ ಸಿಗುತ್ತಿದ್ದ ದಿನಗಳವು. ಗೋಪಾಲಗೌಡರು ಸೇರಿದ್ದು ಕೈಯಲ್ಲಿ ಕಾಸಿಲ್ಲದ ಸಮಾಜವಾದಿ ಪಕ್ಷವನ್ನು.

ಕಾಗೋಡಿನ ಕೊಳಗ

ಸಾಗರ ತಾಲ್ಲೂಕಿನ ಕಾಗೋಡು ಎಂಬ ಹಳ್ಳಿಯಲ್ಲಿ 1951ರಲ್ಲಿ ನಡೆದ ಸತ್ಯಾಗ್ರಹ ಕರ್ನಾಟಕದ ರೈತ ಹೋರಾಟಗಳಿಗೆ ತಾಯಿಬೇರು. ಅದರ ಮೂಲ ಒಂದು ಅಳತೆಯ ಪಾತ್ರೆ ಎಂಬುದು ನನಗೆ ತುಂಬಾ ಹಿಡಿಸಿದ ಸಂಗತಿ. ಗೇಣಿ ಭತ್ತವನ್ನು ಅಳೆಯುತ್ತಿದ್ದದ್ದು ಕೊಳಗದಲ್ಲಿ. ಒಡೆಯರ ಮನೆಯ ಕೊಳಗ ಸರ್ಕಾರಿ ಮುದ್ರೆಯ ಅಳತೆಗಿಂತ ದೊಡ್ಡದು. ಲೆಕ್ಕದ ಪುಸ್ತಕದಲ್ಲಿ ಇಷ್ಟು ಕೊಳಗ ಎಂದು ಬರೆದರೂ ರೈತನ ಕಣದಿಂದ ಅದಕ್ಕಿಂತ ಹೆಚ್ಚು ಭತ್ತ ಹೋಗುತ್ತಿತ್ತು. ನಮ್ಮ ಕಡೆ ಹಳಬರು ರಾಗಿ ಅಳೆಯುವಾಗ ಸೇರಿನ ಅಂಚನ್ನು ಕೈಯಿಂದ ಸವರಿ ನೋಡುತ್ತಿದ್ದದ್ದನ್ನು ಕಂಡವರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ.

ಎಚ್. ಗಣಪತಿಯಪ್ಪನವರು ಅಲ್ಲಿ ರೈತ ಸಂಘ ಕಟ್ಟಿದರು. ಗೇಣಿದಾರರಲ್ಲಿ ಹೆಚ್ಚಿನವರು ದೀವರು. ಅವರ ಬೇಡಿಕೆ ಬಲು ಸಣ್ಣದು: ಸರಿಯಾದ ಕೊಳಗದಲ್ಲಿ ಅಳೆಯಿರಿ. ಅಷ್ಟು ಕೇಳಿದ್ದಕ್ಕೆ ಅವರನ್ನು ಗದ್ದೆಯಿಂದ ಬಿಡಿಸಲು ಹೊರಟರು. 1951ರ ಏಪ್ರಿಲ್ 18ರಂದು ರೈತರು ತಾವು ಉಳುತ್ತಿದ್ದ ನೆಲಕ್ಕೆ ನೇಗಿಲು ಹೂಡಲು ಇಳಿದರು. ಬಂಧನ ಶುರುವಾಯಿತು. ಸಮಾಜವಾದಿ ಪಕ್ಷ ಹೋರಾಟದ ಬೆನ್ನಿಗೆ ನಿಂತಿತು. ಗೋಪಾಲಗೌಡರು ಅದರ ಮುಂಚೂಣಿಯಲ್ಲಿದ್ದರು. ಹಳ್ಳಿ ಹಳ್ಳಿಗಳಿಂದ ಜನ ತಂಡ ತಂಡವಾಗಿ ಬಂದು ಜೈಲಿಗೆ ಹೋದರು. ಜೂನ್ ತಿಂಗಳಲ್ಲಿ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದ ಮೇಲೆ ಕಾಗೋಡಿನ ಹೆಸರು ದೇಶಕ್ಕೆಲ್ಲ ಗೊತ್ತಾಯಿತು.

ಕೂಡಲೇ ರೈತರು ಗೆಲ್ಲಲಿಲ್ಲ. ಆದರೆ ಅಳತೆ ಎಲ್ಲರ ಕಣ್ಣೆದುರಿಗೆ ಆಗಬೇಕು, ಅಳೆಯುವ ಪಾತ್ರೆ ಬಲಶಾಲಿಯ ಮನೆಯದಾಗಿರಬಾರದು ಎಂಬ ಮಾತು ಆ ಸೀಮೆಯ ಮನಸ್ಸಿನಲ್ಲಿ ನಿಂತಿತು. ಗೋಪಾಲಗೌಡರ ಮುಂದಿನ ಬದುಕೆಲ್ಲ ಈ ಮಾತಿನ ವಿಸ್ತಾರವೇ ಎಂದು ನನಗೆ ಅನ್ನಿಸುತ್ತದೆ.

1952ರ ಚುನಾವಣೆ

ಕಾಗೋಡಿನ ಬಿಸಿ ಆರುವ ಮೊದಲೇ ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ ಬಂತು. ಇಪ್ಪತ್ತೊಂದು ವರ್ಷ ದಾಟಿದ ಪ್ರತಿಯೊಬ್ಬರಿಗೂ ಓಟು. ಗಂಡಸು, ಹೆಂಗಸು, ಓದಿದವರು, ಓದದವರು, ಒಡೆಯ, ಗೇಣಿದಾರ ಎಲ್ಲರಿಗೂ ಒಂದೊಂದೇ. ಆಗ ಓಟಿನ ಚೀಟಿಗೆ ಮುದ್ರೆ ಒತ್ತುವ ಕ್ರಮವಿರಲಿಲ್ಲ. ಪ್ರತಿ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವರ ಗುರುತು. ಕಾಂಗ್ರೆಸ್ಸಿಗೆ ಜೋಡೆತ್ತು, ಸಮಾಜವಾದಿ ಪಕ್ಷಕ್ಕೆ ಮರ. ಮತದಾರ ತನಗೆ ಬೇಕಾದವರ ಪೆಟ್ಟಿಗೆಗೆ ಚೀಟಿ ಹಾಕಿ ಬರುತ್ತಿದ್ದ.

ಸಾಗರ–ಹೊಸನಗರ ಕ್ಷೇತ್ರದಿಂದ ಗೋಪಾಲಗೌಡರು ನಿಂತರು. ವಯಸ್ಸು ಇಪ್ಪತ್ತೆಂಟು. ಜಮೀನಿಲ್ಲ, ವ್ಯಾಪಾರವಿಲ್ಲ, ಬೆನ್ನಿಗೆ ಸಾಹುಕಾರರಿಲ್ಲ. ವಿಧಾನಸಭೆಗೆ ನಿಲ್ಲಲು ಕಾಯ್ದೆ ಕೇಳುತ್ತಿದ್ದ ಠೇವಣಿ 250 ರೂಪಾಯಿ. ಚಲಾವಣೆಯಾದ ಓಟಿನಲ್ಲಿ ಆರನೇ ಒಂದು ಭಾಗ ಬಾರದಿದ್ದರೆ ಅದೂ ಹೋಗುತ್ತಿತ್ತು. ಎದುರಿಗೆ ಸ್ವಾತಂತ್ರ್ಯ ತಂದ ಪಕ್ಷದ ಹೆಸರು, ನೆಲದ ಬಲ, ಹಣದ ಬಲ.

ಆಗ ಅವರೂ ಗೆಳೆಯರೂ ಹಿಡಿದ ದಾರಿ ಇಂದಿಗೂ ಕರ್ನಾಟಕದ ರಾಜಕೀಯದಲ್ಲಿ ಕಥೆಯಂತೆ ಹೇಳಲ್ಪಡುತ್ತದೆ. ಅವರು ಮತದಾರರ ಹತ್ತಿರ ಓಟು ಕೇಳಿದರು, ಅದರ ಜೊತೆಗೆ ಒಂದು ರೂಪಾಯಿಯ ನೋಟನ್ನೂ ಕೇಳಿದರು. ಒಂದು ಓಟು, ಒಂದು ನೋಟು. ಹಣ ಕೊಟ್ಟು ಓಟು ಪಡೆಯುವುದನ್ನು ಕಂಡು ಬೆಳೆದ ನಮ್ಮ ತಲೆಮಾರಿಗೆ ಇದು ತಲೆಕೆಳಗಾದ ಮಾತಿನಂತೆ ಕೇಳಿಸುತ್ತದೆ. ಆ ಕಾಲದ ಕೂಲಿಯವನಿಗೆ, ಗೇಣಿದಾರನಿಗೆ ಒಂದು ರೂಪಾಯಿ ಸಣ್ಣ ಮೊತ್ತವಲ್ಲ. ಕೈ ಬಿಚ್ಚಿ ಕೊಟ್ಟವನು ಆ ಚುನಾವಣೆಯನ್ನು ತನ್ನದೆಂದು ತಿಳಿದ. ಹಣ ಕೊಟ್ಟವನೇ ಪಕ್ಕದ ಮನೆಯವನಿಗೂ ಹೇಳಿದ.

ಗೋಪಾಲಗೌಡರು ಗೆದ್ದರು. ಹಿಂದಿನ ವರ್ಷ ಗದ್ದೆಗೆ ಇಳಿದದ್ದಕ್ಕೆ ಜೈಲಿಗೆ ಹೋದ ಜನರ ಪ್ರತಿನಿಧಿ ಮೈಸೂರು ವಿಧಾನಸಭೆಗೆ ಬಂದು ಕುಳಿತರು.

ಈ ಪ್ರಸಂಗವನ್ನು ಓದುವಾಗ ನಾನು ಒಂದು ವಿಷಯದ ಬಗ್ಗೆ ಯೋಚಿಸಿದೆ. ಚುನಾವಣೆ ಎಂದ ಮೇಲೆ ಖರ್ಚು ಇದ್ದೇ ಇರುತ್ತದೆ. ಕರಪತ್ರ, ಓಡಾಟ, ಊಟ, ಠೇವಣಿ. ಯಾರಾದರೂ ಕೊಡಲೇಬೇಕು. ಹತ್ತು ಜನ ಸಾಹುಕಾರರು ಕೊಟ್ಟರೆ ಗೆದ್ದವನು ಆ ಹತ್ತು ಜನಕ್ಕೆ ಋಣಿ. ಸಾವಿರಾರು ಜನ ಒಂದೊಂದು ರೂಪಾಯಿ ಕೊಟ್ಟರೆ ಅವನು ಯಾರೊಬ್ಬರಿಗೂ ಋಣಿಯಲ್ಲ, ಎಲ್ಲರಿಗೂ ಋಣಿ. ಆ ಸಾವಿರಾರು ಜನರಲ್ಲಿ ಯಾರು ಬೇಕಾದರೂ ದಾರಿಯಲ್ಲಿ ನಿಲ್ಲಿಸಿ ನನ್ನ ರೂಪಾಯಿ ಏನಾಯಿತು ಎಂದು ಕೇಳಬಹುದು. ಚುನಾವಣಾ ಹಣದ ಮೇಲೆ ನಿಗಾ ಇಡಲು ಆಗ ಈಗಿನಷ್ಟು ವೀಕ್ಷಕರಾಗಲಿ ತಂಡಗಳಾಗಲಿ ಇರಲಿಲ್ಲ. ಒಂದು ರೂಪಾಯಿ ಕೊಟ್ಟ ಜನರೇ ಆ ಚುನಾವಣೆಯ ಲೆಕ್ಕ ತನಿಖಾಧಿಕಾರಿಗಳು.

ಶಾಸನಸಭೆಯಲ್ಲಿ

ಶಾಸನಸಭೆಯಲ್ಲಿ ಗೋಪಾಲಗೌಡರು ಮಾತನಾಡಿದ್ದು ಮುಖ್ಯವಾಗಿ ನೆಲದ ಬಗ್ಗೆ, ಗೇಣಿದಾರನ ಹಕ್ಕಿನ ಬಗ್ಗೆ, ಕನ್ನಡದ ಬಗ್ಗೆ. ಆಡಳಿತ ಜನರ ಭಾಷೆಯಲ್ಲಿ ನಡೆಯಬೇಕು ಎಂಬುದು ಅವರ ಪಟ್ಟು. ಅದೂ ಒಂದು ಬಗೆಯ ಪಾರದರ್ಶಕತೆಯೇ. ರೈತನಿಗೆ ಓದಲಾಗದ ಭಾಷೆಯಲ್ಲಿ ಆದೇಶ ಬರೆದರೆ ಅದು ದೊಡ್ಡ ಕೊಳಗದಲ್ಲಿ ಅಳೆದಂತೆಯೇ ಅಲ್ಲವೇ? 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದರೂ ರಾಜ್ಯದ ಹೆಸರು ಮೈಸೂರು ಎಂದೇ ಉಳಿಯಿತು. ಅದಕ್ಕೆ ಕರ್ನಾಟಕ ಎಂಬ ಹೆಸರು ಇಡಬೇಕೆಂದು ಸದನದಲ್ಲಿ ಮತ್ತೆ ಮತ್ತೆ ಒತ್ತಾಯಿಸಿದವರಲ್ಲಿ ಅವರು ಪ್ರಮುಖರು. ಅವರ ಸದನದ ಭಾಷಣಗಳು ಮುಂದೆ ಪುಸ್ತಕವಾಗಿಯೂ ಬಂದವು.

1957ರ ಚುನಾವಣೆಯಲ್ಲಿ ಅವರು ಸೋತರು. ಜೀವನ ಚರಿತ್ರೆ ಬರೆಯುವವರು ಸೋಲನ್ನು ಬೇಗ ದಾಟಿ ಹೋಗುತ್ತಾರೆ. ನಾನು ಒಂದು ನಿಮಿಷ ನಿಲ್ಲುತ್ತೇನೆ. ಜನರ ಹಣದಲ್ಲಿ ಪ್ರಾಮಾಣಿಕವಾಗಿ ನಿಂತವರು ಯಾವಾಗಲೂ ಗೆಲ್ಲುತ್ತಾರೆ ಎಂಬುದು ಸುಳ್ಳು. ಗೆಲ್ಲದೇ ಇರಬಹುದು ಎಂದು ಗೊತ್ತಿದ್ದೂ ದಾರಿ ಬದಲಿಸದಿರುವುದು ಗೋಪಾಲಗೌಡರ ದೊಡ್ಡತನ.

ಕಾಕತಾಳೀಯವೆಂಬಂತೆ ಅದೇ 1957ರಲ್ಲಿ ಮುಂಬಯಿ ಹೈಕೋರ್ಟಿನ ಮುಂದೆ ಒಂದು ಮೊಕದ್ದಮೆ ಬಂತು. ಟಾಟಾ ಉಕ್ಕಿನ ಕಂಪನಿಯು ರಾಜಕೀಯ ಪಕ್ಷಗಳಿಗೆ ದೇಣಿಗೆ ಕೊಡಲು ಅನುವಾಗುವಂತೆ ತನ್ನ ನಿಯಮಾವಳಿಯನ್ನು ತಿದ್ದಿಕೊಳ್ಳಲು ಬಯಸಿತ್ತು. ಮುಖ್ಯ ನ್ಯಾಯಮೂರ್ತಿ ಎಂ.ಸಿ. ಚಾಗ್ಲಾ ಅವರು ಕಾನೂನಿನಲ್ಲಿ ಅದಕ್ಕೆ ಅಡ್ಡಿ ಇಲ್ಲವೆಂದರೂ ದೊಡ್ಡ ಹಣ ಪ್ರಜಾಪ್ರಭುತ್ವವನ್ನು ಒಳಗಿನಿಂದ ತಿನ್ನುವ ಅಪಾಯದ ಬಗ್ಗೆ ತೀರ್ಪಿನಲ್ಲೇ ಸಂಸತ್ತನ್ನು ಎಚ್ಚರಿಸಿದರು. ಒಂದು ಕಡೆ ಮಲೆನಾಡಿನ ಒಂದು ರೂಪಾಯಿ ನೋಟು, ಇನ್ನೊಂದು ಕಡೆ ದೊಡ್ಡ ಕಂಪನಿಗಳ ಚೆಕ್ಕು. ನಮ್ಮ ಚುನಾವಣೆಗಳು ಯಾವ ದಾರಿ ಹಿಡಿಯಬೇಕೆಂಬ ಪ್ರಶ್ನೆ ಆಗಲೇ ಎದ್ದಿತ್ತು.

1962ರಲ್ಲಿ ತೀರ್ಥಹಳ್ಳಿಯಿಂದ ಗೋಪಾಲಗೌಡರು ಮತ್ತೆ ಗೆದ್ದರು. 1967ರಲ್ಲಿ ಮೂರನೇ ಬಾರಿ ಶಾಸಕರಾದರು. ಈ ನಡುವೆ ಸಮಾಜವಾದಿ ಪಕ್ಷ ಒಡೆಯಿತು, ಕೂಡಿತು, ಮತ್ತೆ ಒಡೆಯಿತು. ಅವರು ಲೋಹಿಯಾ ಅವರ ಜೊತೆಗೇ ಉಳಿದರು. ಮೂರು ಸಲ ಶಾಸಕರಾದರೂ ಆಸ್ತಿ ಮಾಡಲಿಲ್ಲ. ಪತ್ನಿ ಸೋನಕ್ಕನವರೂ ಮಕ್ಕಳೂ ಅವರ ರಾಜಕೀಯದ ಬೆಲೆಯನ್ನು ಜೊತೆಗೆ ತೆತ್ತರು. ತತ್ವವಂತರ ಬಡತನವನ್ನು ವೇದಿಕೆಯಲ್ಲಿ ಹೊಗಳುವುದು ಸುಲಭ. ತಿಂಗಳ ಕೊನೆಯಲ್ಲಿ ಆ ಮನೆ ನಡೆಸಿದವರ ಕಷ್ಟವನ್ನೂ ನೆನೆಯಬೇಕು.

ಅವರ ಸುತ್ತ ಸೇರುತ್ತಿದ್ದವರಲ್ಲಿ ರಾಜಕಾರಣಿಗಳಷ್ಟೇ ಸಾಹಿತಿಗಳೂ ಇದ್ದರು. ಕವಿ ಗೋಪಾಲಕೃಷ್ಣ ಅಡಿಗರು, ಕಾದಂಬರಿಕಾರ ಯು.ಆರ್. ಅನಂತಮೂರ್ತಿಯವರು ಅವರ ಸ್ನೇಹವಲಯದಲ್ಲಿದ್ದವರು. ಮುಂದೆ ಮುಖ್ಯಮಂತ್ರಿಗಳಾದ ಎಸ್. ಬಂಗಾರಪ್ಪ ಮತ್ತು ಜೆ.ಎಚ್. ಪಟೇಲರು ರಾಜಕೀಯದ ಮೊದಲ ಪಾಠ ಕಲಿತದ್ದು ಇದೇ ಸಮಾಜವಾದಿ ಅಂಗಳದಲ್ಲಿ.

ಕೊನೆಯ ದಿನಗಳು

ಹೋರಾಟ, ಹೊತ್ತಿಗೊತ್ತಿಲ್ಲದ ಊಟ, ಓಡಾಟ ಅವರ ದೇಹವನ್ನು ಬೇಗ ಹಣ್ಣು ಮಾಡಿದವು. ಕೊನೆಯ ವರ್ಷಗಳಲ್ಲಿ ಕಾಯಿಲೆಯಿಂದ ಬಹಳ ನೊಂದರು. 1972ರ ಜೂನ್ 9ರಂದು ತೀರಿಕೊಂಡಾಗ ಅವರಿಗೆ ಬರೀ ನಲವತ್ತೊಂಬತ್ತು ವರ್ಷ.

ಅವರು ಬಯಸಿದ ಎರಡು ದೊಡ್ಡ ಕೆಲಸಗಳು ಅವರು ಹೋದ ಮೇಲೆ ಆದವು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಡಿ. ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿದಾರ ಉಳುವ ನೆಲದ ಒಡೆಯನಾಗುವ ದಾರಿ ತೆರೆಯಿತು. ಕೊಳಗದ ಜಗಳ ಅಲ್ಲಿಗೆ ಮುಗಿಯಿತು ಎನ್ನಬಹುದು. 1978ರಲ್ಲಿ ಬಂದ ಅನಂತಮೂರ್ತಿಯವರ ಅವಸ್ಥೆ ಕಾದಂಬರಿಯ ನಾಯಕನಲ್ಲಿ ಓದುಗರು ಗೋಪಾಲಗೌಡರ ನೆರಳನ್ನು ಕಂಡರು. ಹಾಸಿಗೆ ಹಿಡಿದ ಒಬ್ಬ ರಾಜಕಾರಣಿ ತಾನು ನಡೆದ ದಾರಿಯನ್ನೂ ಎದುರಾದ ಆಮಿಷಗಳನ್ನೂ ನೆನೆಯುವ ಕಥೆ ಅದು. ನಮ್ಮ ಶಾಲೆಯ ಈಗಿನ ಮಕ್ಕಳು ಮುಂದೆ ಕಾಲೇಜಿಗೆ ಹೋದಾಗ ಓದಬೇಕಾದ ಪುಸ್ತಕ.

ಆದರೆ ಮೂರನೆಯ ಕೆಲಸ, ಅಂದರೆ ಚುನಾವಣೆಯ ಹಣ ಜನರ ಕಣ್ಣೆದುರಿಗೆ ಬರುವ ಕೆಲಸ, ಇನ್ನೂ ಅರ್ಧಕ್ಕೇ ನಿಂತಿದೆ.

ಒಂದು ರೂಪಾಯಿಯ ನಂತರದ ಕಥೆ

ಕಂಪನಿಗಳು ಪಕ್ಷಗಳಿಗೆ ದೇಣಿಗೆ ಕೊಡುವುದನ್ನು 1969ರಲ್ಲಿ ಸಂಸತ್ತು ನಿಷೇಧಿಸಿತು. ಆದರೆ ಚೆಕ್ಕು ನಿಂತ ಮೇಲೆ ಹಣ ನಿಲ್ಲಲಿಲ್ಲ, ಕತ್ತಲಲ್ಲಿ ಓಡಾಡಿತು. 1985ರಲ್ಲಿ ನಿಷೇಧ ತೆಗೆದು ಮಿತಿ ಹಾಕಿದರು. ಅಭ್ಯರ್ಥಿಯ ಖರ್ಚಿಗೆ ಮೊದಲಿನಿಂದಲೂ ಮಿತಿ ಇದೆ. ಆ ಅಭ್ಯರ್ಥಿಗಾಗಿ ಪಕ್ಷ ಮಾಡುವ ಖರ್ಚನ್ನೂ ಆ ಮಿತಿಯೊಳಗೇ ಸೇರಿಸಬೇಕೆಂದು 1974ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸಂಸತ್ತು ಕೂಡಲೇ ಕಾಯ್ದೆ ತಿದ್ದಿ ಪಕ್ಷದ ಖರ್ಚನ್ನು ಲೆಕ್ಕದಿಂದ ಹೊರಗಿಟ್ಟಿತು. ಇಂದು ನಮ್ಮ ರಾಜ್ಯದಲ್ಲಿ ವಿಧಾನಸಭಾ ಅಭ್ಯರ್ಥಿಯ ಮಿತಿ 40 ಲಕ್ಷ ರೂಪಾಯಿ. ಪಕ್ಷದ ಒಟ್ಟು ಖರ್ಚಿಗೆ ಮಿತಿಯೇ ಇಲ್ಲ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗಾಯಿತು.

20,000 ರೂಪಾಯಿಗಿಂತ ಹೆಚ್ಚು ಕೊಟ್ಟವರ ಹೆಸರನ್ನು ಪಕ್ಷಗಳು ಚುನಾವಣಾ ಆಯೋಗಕ್ಕೆ ತಿಳಿಸಬೇಕೆಂದು 2003ರಲ್ಲಿ ಕಾನೂನಾಯಿತು. 2018ರಲ್ಲಿ ಚುನಾವಣಾ ಬಾಂಡ್ ಬಂತು. ಒಂದು ಸಾವಿರದಿಂದ ಒಂದು ಕೋಟಿ ರೂಪಾಯಿವರೆಗಿನ ಬಾಂಡನ್ನು ಸ್ಟೇಟ್ ಬ್ಯಾಂಕಿನಲ್ಲಿ ಕೊಂಡು ಪಕ್ಷಕ್ಕೆ ಕೊಡಬಹುದಿತ್ತು. ಕೊಟ್ಟವರು ಯಾರೆಂದು ಮತದಾರನಿಗೆ ತಿಳಿಯುತ್ತಿರಲಿಲ್ಲ. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಆ ಯೋಜನೆಯನ್ನು ರದ್ದು ಮಾಡಿತು. ಪಕ್ಷಕ್ಕೆ ಹಣ ಯಾರಿಂದ ಬಂತು ಎಂಬುದನ್ನು ತಿಳಿಯುವುದು ಮತದಾರನ ಹಕ್ಕು ಎಂಬುದೇ ಆ ತೀರ್ಪಿನ ತಿರುಳು. ಗೋಪಾಲಗೌಡರಿಗೆ ಒಂದು ರೂಪಾಯಿ ಕೊಟ್ಟವನ ಮುಖ ಊರಿಗೆಲ್ಲ ಗೊತ್ತಿತ್ತು. ಒಂದು ಕೋಟಿ ಕೊಟ್ಟವನ ಹೆಸರು ತಿಳಿಯಲು ನಾವು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು.

ನಾನು ಮಾಡುವ ಸಾಫ್ಟ್‌ವೇರ್ ಕೆಲಸದಲ್ಲಿ ಒಂದು ಕಡ್ಡಾಯವಿದೆ. ಪ್ರೋಗ್ರಾಮಿನಲ್ಲಿ ಒಂದು ಸಾಲು ಬದಲಾಯಿಸಿದರೂ ಯಾರು, ಯಾವಾಗ, ಏಕೆ ಬದಲಾಯಿಸಿದರು ಎಂಬುದು ದಾಖಲಾಗುತ್ತದೆ. ನಾವು ಕಳ್ಳರೆಂದು ಹಾಗೆ ಮಾಡುವುದಿಲ್ಲ. ತಪ್ಪಾದಾಗ ಎಲ್ಲಿ ಆಯಿತೆಂದು ಹುಡುಕಲು ಬೇರೆ ದಾರಿ ಇಲ್ಲ. ಒಂದು ಕಂಪನಿಯ ಪ್ರೋಗ್ರಾಮಿಗೆ ಇಷ್ಟು ದಾಖಲೆ ಬೇಕೆಂದರೆ ರಾಜ್ಯ ನಡೆಸುವವರನ್ನು ಆರಿಸುವ ಹಣಕ್ಕೆ ಎಷ್ಟು ಬೇಕು?

ಕೊನೆಗೆ ನಮ್ಮ ಕೈಯಲ್ಲೇ ಇರುವ, ಬಹಳ ಜನರಿಗೆ ಗೊತ್ತಿಲ್ಲದ ಒಂದು ವಿಷಯ ಹೇಳಿ ಮುಗಿಸುತ್ತೇನೆ. ಫಲಿತಾಂಶ ಬಂದ 30 ದಿನದೊಳಗೆ ಗೆದ್ದವರೂ ಸೋತವರೂ ತಮ್ಮ ಚುನಾವಣಾ ಖರ್ಚಿನ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಕೊಡಬೇಕು. ನಮಗೆ ಅವರೆಂದರೆ ಚಿಕ್ಕಬಳ್ಳಾಪುರದ ಜಿಲ್ಲಾಧಿಕಾರಿಗಳು. ಸರಿಯಾದ ಕಾರಣವಿಲ್ಲದೆ ಲೆಕ್ಕ ಕೊಡದವರನ್ನು ಮೂರು ವರ್ಷ ಅನರ್ಹಗೊಳಿಸುವ ಅಧಿಕಾರ ಆಯೋಗಕ್ಕಿದೆ. ಲೆಕ್ಕ ಬಂದ ಎರಡು ದಿನದೊಳಗೆ ಅದನ್ನು ಎಲ್ಲಿ, ಯಾವಾಗ ನೋಡಬಹುದೆಂದು ಕಚೇರಿಯ ನೋಟಿಸ್ ಬೋರ್ಡಿನಲ್ಲಿ ಹಾಕಬೇಕು. 1961ರ ಚುನಾವಣಾ ನಿಯಮಗಳಲ್ಲಿ 88ನೆಯದರ ಪ್ರಕಾರ ಯಾರು ಬೇಕಾದರೂ ಹೋಗಿ ಆ ಲೆಕ್ಕವನ್ನು ನೋಡಬಹುದು. ಅದಕ್ಕೆ ನಿಗದಿಯಾಗಿರುವ ಶುಲ್ಕ ಒಂದು ರೂಪಾಯಿ.

ಇದನ್ನು ಮೊದಲ ಸಲ ಓದಿದಾಗ ನನಗೆ ಗೋಪಾಲಗೌಡರೇ ನೆನಪಾದರು. 1952ರಲ್ಲಿ ಮಲೆನಾಡಿನ ಬಡವರು ಒಂದು ರೂಪಾಯಿ ಕೊಟ್ಟು ತಮ್ಮ ಅಭ್ಯರ್ಥಿಯನ್ನು ತಮ್ಮವನನ್ನಾಗಿ ಮಾಡಿಕೊಂಡರು. ಇಂದು ಅದೇ ಒಂದು ರೂಪಾಯಿಗೆ ಅಭ್ಯರ್ಥಿಯ ಲೆಕ್ಕ ನೋಡುವ ಹಕ್ಕು ನಮಗಿದೆ. ಅಂದು ನನ್ನನ್ನು ಪುಕ್ಕಟೆಯಾಗಿ ಊರಿಗೆ ತಂದ ಬಸ್ಸಿನ ಬಾಡಿಗೆ ಯಾರ ಲೆಕ್ಕದಲ್ಲಿತ್ತು, ಅಥವಾ ಯಾರ ಲೆಕ್ಕದಲ್ಲೂ ಇರಲಿಲ್ಲವೋ, ನೋಡಲು ನಾನು ಹೋಗಲಿಲ್ಲ. ಒಂದು ರೂಪಾಯಿಯ ಕೆಲಸವನ್ನು ಮಾಡದೆ ಬಿಟ್ಟವನು ನಾನು. ಅದಾದ ಮೇಲಿನ ಚುನಾವಣೆಗಳಿಗೆ ಸ್ವಂತ ದುಡ್ಡಿನಲ್ಲಿ ಟಿಕೆಟ್ ಕೊಂಡೇ ಬಂದಿದ್ದೇನೆ. ಅಪ್ಪನಿಗೆ ಟಿಕೆಟ್ ತೋರಿಸಿದಾಗ ಅವರು ಏನೂ ಹೇಳಲಿಲ್ಲ, ನಕ್ಕರು. ಮುಂದಿನ ಚುನಾವಣೆ ಮುಗಿದ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗಿ ಆ ಒಂದು ರೂಪಾಯಿ ಕಟ್ಟಬೇಕೆಂದಿದ್ದೇನೆ. ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಜೊತೆಗೆ ಬಂದರೆ ಸಂತೋಷ.

ಈ ಸುವರ್ಣ ಮಹೋತ್ಸವಕ್ಕೆ ನಾವೆಲ್ಲ ಕೈಲಾದಷ್ಟು ಕೊಟ್ಟಿದ್ದೇವೆ. ನೂರು ಕೊಟ್ಟವರ ಹೆಸರೂ ಇದೆ, ಸಾವಿರ ಕೊಟ್ಟವರ ಹೆಸರೂ ಇದೆ. ಶಾಮಿಯಾನಕ್ಕೆ ಎಷ್ಟು, ಅಡಿಗೆಯವರಿಗೆ ಎಷ್ಟು, ಈ ಪುಸ್ತಕದ ಅಚ್ಚಿಗೆ ಎಷ್ಟು ಎಂದು ಸಮಿತಿಯವರು ವಾರ ವಾರ ವಾಟ್ಸಾಪ್ ಗುಂಪಿಗೆ ಹಾಕಿದ್ದಾರೆ. ಯಾರೂ ಅದನ್ನು ಅವಮಾನ ಎಂದುಕೊಳ್ಳಲಿಲ್ಲ. ಊರಿನ ಹಬ್ಬಕ್ಕೆ ಹೀಗೆ ಲೆಕ್ಕ ಬರೆಯಲು ಬರುವ ನಮಗೆ ಊರನ್ನು ಆಳುವವರ ಲೆಕ್ಕ ಕೇಳಲೂ ಬರಬೇಕು. ನಮ್ಮ ಶಾಲೆಯ ಮಕ್ಕಳು ಹದಿನೆಂಟು ತುಂಬಿ ಮೊದಲ ಓಟು ಹಾಕುವ ದಿನ, ಆರಗದ ಆ ಬಡ ಹುಡುಗನನ್ನೂ ಕಾಗೋಡಿನ ಕೊಳಗವನ್ನೂ ಒಂದು ಸಲ ನೆನೆಯಲಿ.